ನೀರಾವರಿ ಮತ್ತು ಬಸಿಗಾಲುವೆ

ಬೆಳೆಯ ಬೇರಿಗೆ ಬೇಕಾದ ತೇವವನ್ನು ಮಳೆಯ ಮರ್ಜಿಗೆ ಬಿಡದೆ ಕೆರೆ, ಕಾಲುವೆ, ಬಾವಿಗಳಿಂದ ಹೊಲಕ್ಕೆ ಒದಗಿಸುವ ವ್ಯವಸ್ಥೆ ನೀರಾವರಿ. ಬೇರಿನ ವಲಯದಲ್ಲಿ ಮಿಕ್ಕು ನಿಂತ ನೀರನ್ನೂ ಅದರಲ್ಲಿ ಕರಗಿದ ಲವಣವನ್ನೂ ಹೊಲದಾಚೆ ಸಾಗಿಸುವುದು ಬಸಿಗಾಲುವೆಯ ಕೆಲಸ. ಪಠ್ಯಪುಸ್ತಕಗಳಲ್ಲಿ ಇವು ಎರಡು ಬೇರೆ ಅಧ್ಯಾಯಗಳು. ಯೋಜನಾ ವರದಿಗಳಲ್ಲಿ ಮೊದಲನೆಯದಕ್ಕೆ ಅಣೆಕಟ್ಟು, ಮುಖ್ಯ ಕಾಲುವೆ, ವಿತರಣಾ ನಾಲೆ, ತೂಬುಗಳೆಂದು ಪುಟಗಟ್ಟಲೆ ವಿವರವಿದ್ದರೆ ಎರಡನೆಯದು ಹಣ ಉಳಿದಾಗ ನೋಡಿಕೊಳ್ಳುವ ಬಾಬತ್ತಾಗಿ ಕೊನೆಗೆ ಬರುತ್ತದೆ. ಮಣ್ಣು ಮಾತ್ರ ಈ ವಿಂಗಡಣೆಯನ್ನು ಮಾನ್ಯ ಮಾಡುವುದಿಲ್ಲ. ಒಣ ಹವೆಯ ಸೀಮೆಯಲ್ಲಿ, ಅದರಲ್ಲೂ ಎರೆಭೂಮಿಯಲ್ಲಿ, ನೀರು ತರುವ ದಾರಿಯನ್ನಷ್ಟೇ ಕಟ್ಟಿ ಹೋಗುವ ದಾರಿಯನ್ನು ಕಟ್ಟದ ಯೋಜನೆ ಅರ್ಧಕ್ಕೇ ನಿಂತ ಯೋಜನೆ. ಉಳಿದರ್ಧದ ಖರ್ಚನ್ನು ಮುಂದೆ ರೈತ ತನ್ನ ಭೂಮಿಯ ರೂಪದಲ್ಲಿ ತೆರಬೇಕಾಗುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನಡೆದದ್ದನ್ನು ನೋಡಿದರೆ ಇದು ಏಕೆ ಹೀಗೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಮಣ್ಣಿನ ವಿಚಾರ. ಮಣ್ಣೆಂದರೆ ಕಣಗಳು ಮತ್ತು ಕಣಗಳ ನಡುವಿನ ರಂಧ್ರಗಳು. ಜೋರು ಮಳೆ ಬಂದಾಗ ಅಥವಾ ಗಡದ್ದಾಗಿ ನೀರು ಹಾಯಿಸಿದಾಗ ಎಲ್ಲ ರಂಧ್ರಗಳೂ ತುಂಬುತ್ತವೆ. ಒಂದೆರಡು ದಿನಗಳಲ್ಲಿ ದೊಡ್ಡ ರಂಧ್ರಗಳ ನೀರು ತನ್ನ ಭಾರಕ್ಕೆ ಕೆಳಗಿಳಿದು ಆ ಜಾಗಕ್ಕೆ ಗಾಳಿ ಬರುತ್ತದೆ. ಸಣ್ಣ ರಂಧ್ರಗಳಲ್ಲಿ ಉಳಿದ ನೀರನ್ನು ಬೇರು ಹೀರುತ್ತದೆ. ಹೀಗೆ ಬೇರಿಗೆ ದಕ್ಕುವ ನೀರು ಮರಳು ಮಣ್ಣಿನಲ್ಲಿ ಪ್ರತಿ ಮೀಟರ್ ಆಳಕ್ಕೆ 50ರಿಂದ 100 ಮಿಲಿಮೀಟರ್, ಜೇಡಿ ಹೆಚ್ಚಿರುವ ಎರೆಮಣ್ಣಿನಲ್ಲಿ 150ರಿಂದ 200 ಮಿಲಿಮೀಟರ್. ಎರೆಹೊಲದಲ್ಲಿ ಹಿಂಗಾರಿ ಜೋಳ ಬರೀ ಹಿಡಿದಿಟ್ಟ ತೇವದ ಮೇಲೆ ಬರುವುದು ಈ ಗುಣದಿಂದಲೇ. ಆದರೆ ಅದೇ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದು ನಿಧಾನ. ಮರಳಿನಲ್ಲಿ ಗಂಟೆಗೆ 30 ಮಿಲಿಮೀಟರಿಗೂ ಹೆಚ್ಚು ಇಂಗಿದರೆ ಜೇಡಿಯಲ್ಲಿ ಇಂಗುವುದು 1ರಿಂದ 5 ಮಿಲಿಮೀಟರ್. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆನೆಲ ಮೊದಲ ನೀರನ್ನು ಗಟಗಟ ಕುಡಿದು, ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಾಯಿ ಬಿಗಿಯುತ್ತದೆ. ಆಮೇಲೆ ಹಾಯಿಸಿದ್ದೆಲ್ಲ ಮೇಲೆಯೇ ನಿಲ್ಲುತ್ತದೆ.

ನೀರು ನಿಂತರೆ ಬೆಳೆಗೆ ಆಗುವ ತೊಂದರೆ ನೀರಿನದಲ್ಲ, ಗಾಳಿಯದು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ರಂಧ್ರಗಳು ನೀರಿನಿಂದ ತುಂಬಿಯೇ ಉಳಿದರೆ ಬೇರಿಗೆ ಉಸಿರುಗಟ್ಟುತ್ತದೆ. ಹಾಕಿದ ಸಾರಜನಕ ಗೊಬ್ಬರದ ಒಂದು ಪಾಲು ಅನಿಲವಾಗಿ ಹಾರಿಹೋಗುತ್ತದೆ. ತೊಗರಿ ಇದನ್ನು ಕೆಲವೇ ದಿನ ತಡೆಯುತ್ತದೆ, ಮೆಕ್ಕೆಜೋಳ ಹಳದಿ ತಿರುಗುತ್ತದೆ, ಹತ್ತಿ ಬಾಡಿ ಮೊಗ್ಗು ಉದುರಿಸುತ್ತದೆ. ಕಾಂಡದ ಒಳಗಿನ ಗಾಳಿಕೊಳವೆಗಳ ಮೂಲಕ ಬೇರಿಗೆ ಗಾಳಿ ಇಳಿಸಬಲ್ಲ ಭತ್ತ ಒಂದೇ ಆರಾಮಾಗಿ ನಿಲ್ಲುತ್ತದೆ. ಭತ್ತದ ಈ ಗುಣ ತುಂಗಭದ್ರಾ ಅಚ್ಚುಕಟ್ಟಿನ ಚರಿತ್ರೆಯನ್ನೇ ತಿರುಗಿಸಿತು.

ನೀರು ಹಾಯಿಸುವ ವಿಧಾನಗಳನ್ನು ಚಿಕ್ಕದಾಗಿ ನೋಡಿದರೆ ಸಾಕು. ಮಡಿ ಕಟ್ಟಿ ತುಂಬಿಸುವುದು, ಇಳಿಜಾರಿನ ಉದ್ದಕ್ಕೆ ಪಟ್ಟಿಗಳಲ್ಲಿ ಹರಿಬಿಡುವುದು, ಬೋದು ಎತ್ತಿ ಸಾಲಿನಲ್ಲಿ ಹಾಯಿಸುವುದು ಮೇಲ್ಮೈ ವಿಧಾನಗಳು; ತುಂತುರು ಮತ್ತು ಹನಿ ನೀರಾವರಿ ಒತ್ತಡದ ಕೊಳವೆಗಳನ್ನು ಬೇಡುವಂಥವು. ಮೇಲ್ಮೈ ವಿಧಾನದ ಗುಣಾವಗುಣ ಮುಖ್ಯವಾಗಿ ನೆಲದ ಸಮತಟ್ಟಿನ ಮೇಲೆ ನಿಂತಿದೆ. ಹೊಲದ ಒಂದು ಮೂಲೆ ನಾಲ್ಕು ಬೆರಳು ಎತ್ತರವಿದ್ದರೆ ಅದು ನೆನೆಯುವವರೆಗೂ ತಗ್ಗಿನ ಮೂಲೆಗೆ ದುಪ್ಪಟ್ಟು ನೀರು ಹೋಗಬೇಕು. ಸಾಲು ವಿಪರೀತ ಉದ್ದವಾದರೆ ತಲೆಯ ಕಡೆ ನೀರು ಬೇರಿನ ಕೆಳಗಿಳಿದು ಪೋಲಾಗುತ್ತದೆ, ಬಾಲದ ಕಡೆ ಗಿಡ ಒಣಗುತ್ತದೆ. ಯಾವ ವಿಧಾನದಲ್ಲೂ ಹಾಯಿಸಿದ್ದರಲ್ಲಿ ಒಂದು ಪಾಲು ಬೇರನ್ನು ದಾಟಿ ಕೆಳಗಿಳಿಯುವುದು ತಪ್ಪುವುದಿಲ್ಲ. ಬದಲಾಗುವುದು ಆ ಪಾಲು ಎಷ್ಟೆಂಬುದು ಮಾತ್ರ.

ಆ ಪಾಲು ಎಲ್ಲಿಗೆ ಹೋಗುತ್ತದೆ? ಕೆಳಗೆ ದಾರಿಯಿದ್ದರೆ ಹಳ್ಳಕ್ಕೆ, ನದಿಗೆ. ದಾರಿಯಿಲ್ಲದಿದ್ದರೆ ಅಂತರ್ಜಲವನ್ನು ಮೇಲೆತ್ತುತ್ತದೆ, ಅದೂ ನಾವು ಊಹಿಸುವುದಕ್ಕಿಂತ ಬೇಗ. ಜೇಡಿ ಮಣ್ಣಿನಲ್ಲಿ ಬಸಿಯಬಲ್ಲ ರಂಧ್ರಗಳ ಪ್ರಮಾಣ ಬಹಳ ಕಡಿಮೆ. ನೂರಕ್ಕೆ ಐದೆಂದು ಹಿಡಿದರೆ ವರ್ಷಕ್ಕೆ 100 ಮಿಲಿಮೀಟರ್ ಹೆಚ್ಚುವರಿ ನೀರು ಇಳಿದಾಗ ಅಂತರ್ಜಲ 2 ಮೀಟರ್ ಏರುತ್ತದೆ. ಒಂದಿಷ್ಟು ನೀರು ಪಕ್ಕಕ್ಕೆ ಸರಿದುಹೋಗುತ್ತದೆ ಎಂದರೂ ಹತ್ತು ಮೀಟರ್ ಆಳದಲ್ಲಿದ್ದ ನೀರು ಬೇರಿನ ಮಟ್ಟಕ್ಕೆ ಬರಲು ಒಂದು ತಲೆಮಾರು ಬೇಕಾಗುವುದಿಲ್ಲ. ಕೇಂದ್ರ ಜಲಸಂಪನ್ಮೂಲ ಸಚಿವಾಲಯದ ಕಾರ್ಯತಂಡ 1991ರಲ್ಲಿ ಒಪ್ಪಿದ ಮಾನದಂಡದಂತೆ ನೆಲದಿಂದ 2 ಮೀಟರಿನೊಳಗೆ ಅಂತರ್ಜಲವಿರುವ ಭೂಮಿ ಜೌಗು. 2ರಿಂದ 3 ಮೀಟರ್ ಇದ್ದರೆ ಜೌಗಾಗುವ ಅಪಾಯದಲ್ಲಿರುವ ಭೂಮಿ.

ನೀರಿನ ಜತೆ ಉಪ್ಪೂ ಬರುತ್ತದೆ. ಒಳ್ಳೆಯ ಕಾಲುವೆ ನೀರಿನಲ್ಲೂ ಲೀಟರಿಗೆ 200 ಮಿಲಿಗ್ರಾಂನಷ್ಟು ಕರಗಿದ ಲವಣ ಇರುವುದು ಸಾಮಾನ್ಯ. ಕುಡಿದರೆ ನಾಲಿಗೆಗೆ ತಿಳಿಯುವುದೂ ಇಲ್ಲ. ವರ್ಷದಲ್ಲಿ ಎಕರೆಗೆ 1,000 ಮಿಲಿಮೀಟರ್ ನೀರು ಹಾಯಿಸಿದರೆ ಆ ಎಕರೆಗೆ ಸುಮಾರು ಎಂಟು ಕ್ವಿಂಟಲ್ ಉಪ್ಪು ಬಂದು ಬೀಳುತ್ತದೆ. ಗಿಡ ನೀರನ್ನು ಹೀರಿ ಆವಿ ಮಾಡುತ್ತದೆ, ಉಪ್ಪನ್ನು ಬಹುಪಾಲು ಮಣ್ಣಿನಲ್ಲೇ ಬಿಡುತ್ತದೆ. ಮಲೆನಾಡಿನ ಮಳೆ ಅದನ್ನು ತೊಳೆದು ಒಯ್ಯುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಬಿಸಿಲಿಗೆ ಅದರ ಕೆಲವು ಪಟ್ಟು ನೀರು ಆವಿಯಾಗಬಲ್ಲ ರಾಯಚೂರು ಸೀಮೆಯಲ್ಲಿ ಆ ತೊಳೆತ ಸಾಲದು. ಎರೆಭೂಮಿಯ ಆಳದಲ್ಲಿ ಮೊದಲೇ ಇದ್ದ ಲವಣವೂ ಏರುವ ಅಂತರ್ಜಲದಲ್ಲಿ ಕರಗಿ ಮೇಲೆ ಬರುತ್ತದೆ. ಅಂತರ್ಜಲ ಒಂದೂವರೆ ಮೀಟರಿನೊಳಗೆ ಬಂದರೆ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲ್ಮೈವರೆಗೂ ಹತ್ತಿ, ಆವಿಯಾಗಿ, ಉಪ್ಪನ್ನು ಅಲ್ಲೇ ಬಿಡುತ್ತದೆ.

ಕಾಲುವೆ ನೀರು ನಿಂತ ಬೇಸಿಗೆಯಲ್ಲಿ ಇಂಥ ಹೊಲ ನೋಡಿದರೆ ಪ್ರಕ್ರಿಯೆ ಕಣ್ಣಿಗೇ ಕಾಣುತ್ತದೆ. ಬದುವಿನ ನೆತ್ತಿಯಲ್ಲಿ, ಬೋದಿನ ತಲೆಯಲ್ಲಿ ಬಿಳಿಯ ಪದರ ಕಟ್ಟಿರುತ್ತದೆ. ಕಾಲಿಟ್ಟರೆ ಮೇಲಿನ ಹೆಪ್ಪಳೆ ಒಡೆದು ಕೆಳಗಿನ ಮಣ್ಣು ಹುಡಿಹುಡಿಯಾಗಿ ಸಿಗುತ್ತದೆ, ಇನ್ನೂ ಒಂದು ಗೇಣು ಕೆಳಗೆ ತೇವ ಆರಿರುವುದಿಲ್ಲ. ಸಾಲಿನಲ್ಲಿ ಹಾಯಿಸಿದ ನೀರು ಎರಡೂ ಕಡೆಯಿಂದ ಬೋದಿನ ಮಧ್ಯಕ್ಕೆ ನೆನೆಯುತ್ತ ಬರುವಾಗ ಉಪ್ಪನ್ನು ತಳ್ಳಿಕೊಂಡು ಬಂದು ನೆತ್ತಿಯಲ್ಲಿ ಸೇರಿಸುವುದರಿಂದ, ಅಲ್ಲಿ ಊರಿದ ಬೀಜ ಮೊಳೆಯುವುದೇ ಇಲ್ಲ ಅಥವಾ ಮೊಳೆತ ಎರಡೆಲೆಯಲ್ಲೇ ಸುಟ್ಟಂತೆ ಕರಕಲಾಗುತ್ತದೆ. ಬೋದಿನ ಮಗ್ಗುಲಿಗೆ ಊರಿದರೆ ಬದುಕುತ್ತದೆ. ಸವಳಿನ ಸೀಮೆಯ ರೈತರು ಬೋದಿನ ಪಕ್ಕಕ್ಕೆ ನಾಟುವುದಕ್ಕೆ ಕಾರಣ ಇದು. ಪ್ರಯೋಗಾಲಯದಲ್ಲಿ ಮಣ್ಣಿನ ರಸದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಆ ಮಣ್ಣನ್ನು ಸವಳು ಎನ್ನುತ್ತಾರೆ. ಹತ್ತಿ ಸುಮಾರು 7.7ರವರೆಗೆ, ಜೋಳ 6.8ರವರೆಗೆ ಇಳುವರಿ ಬಿಟ್ಟುಕೊಡದೆ ತಾಳುತ್ತವೆ. ಮೆಕ್ಕೆಜೋಳ, ಕಬ್ಬು 1.7ಕ್ಕೇ ಸೋಲಲು ಶುರುಮಾಡುತ್ತವೆ. ಭತ್ತದ ಮಿತಿ 3 ಮಾತ್ರ. ಆದರೂ ಸವಳಿನ ಗದ್ದೆಯಲ್ಲಿ ಭತ್ತವೇ ಉಳಿಯುತ್ತದೆ, ಏಕೆಂದರೆ ನಿಂತ ನೀರು ಉಪ್ಪನ್ನು ತೆಳುಗೊಳಿಸಿ ಕೆಳಗೆ ಒತ್ತಿ ಹಿಡಿದಿರುತ್ತದೆ.

ಈಗ ತುಂಗಭದ್ರೆ. ಹೊಸಪೇಟೆಯ ಬಳಿ 1953ರಲ್ಲಿ ಮುಗಿದ ಅಣೆಕಟ್ಟಿನಿಂದ ಎಡದಂಡೆಯ ಮುಖ್ಯ ಕಾಲುವೆ 227 ಕಿಲೋಮೀಟರ್ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ಹೋಗುತ್ತದೆ. ಬರಪೀಡಿತ ಸೀಮೆಗೆ ತೆಳುವಾಗಿ ಹಂಚುವುದು ಈ ಯೋಜನೆಯ ಮೂಲ ಉದ್ದೇಶ. ಯಾವ ಹೊಲಕ್ಕೆ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಿ, ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳನ್ನು, ಸಣ್ಣ ಪಾಲಿಗೆ ಮಾತ್ರ ಭತ್ತವನ್ನು ವಿಧಿಸಲಾಗಿತ್ತು. ಜೋಳಕ್ಕೆ 500 ಮಿಲಿಮೀಟರ್ ಸಾಕಾದರೆ ಭತ್ತಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಬೇಕು. ಕಾಗದದ ಲೆಕ್ಕ ಹೊಲದಲ್ಲಿ ನಿಲ್ಲಲಿಲ್ಲ. ಕರಾವಳಿ ಆಂಧ್ರದಿಂದ ಬಂದು ‘ಕ್ಯಾಂಪ್’ಗಳಲ್ಲಿ ನೆಲೆಸಿದ, ಭತ್ತದ ಬೇಸಾಯದಲ್ಲಿ ಪಳಗಿದ ರೈತರು ಕಾಲುವೆಯ ತಲೆಭಾಗದಲ್ಲಿ ಗದ್ದೆ ಮಾಡಿದರು, ಸ್ಥಳೀಯರೂ ಕಲಿತರು. ಗಂಗಾವತಿಯ ಸೋನಾ ಮಸೂರಿಗೆ ಹೆಸರು ಬಂತು, ಅಕ್ಕಿ ಗಿರಣಿಗಳು ಎದ್ದವು, ಬಡಸೀಮೆಯ ಒಂದು ಭಾಗ ಸಿರಿವಂತವಾಯಿತು. ಇದನ್ನು ಹಾಳು ಕಥೆಯೆಂದು ಮಾತ್ರ ಬರೆಯುವುದು ಅನ್ಯಾಯ. ಆದರೆ ತಲೆಭಾಗದಲ್ಲಿ ಅಂತರ್ಜಲ ಏರಿ ತಗ್ಗಿನ ಹೊಲಗಳು ಸವಳು-ಜವಳಾದವು, ಬಾಲಭಾಗದ ಮಾನ್ವಿ, ರಾಯಚೂರಿನ ರೈತರು ನೀರು ಬರಲಿಲ್ಲವೆಂದು ರಸ್ತೆಗಿಳಿಯುವುದು ವಾಡಿಕೆಯಾಯಿತು. ಒಂದೇ ಕಾಲುವೆಯ ಮೇಲೆ ಒಂದು ಕಡೆ ಹೆಚ್ಚಾದದ್ದೂ ಇನ್ನೊಂದು ಕಡೆ ಕಡಿಮೆಯಾದದ್ದೂ ಒಂದೇ ನೀರು.

ಎಲ್ಲ ದೋಷವೂ ಭತ್ತದ್ದು, ಅದನ್ನು ನಿಷೇಧಿಸಿದರೆ ಬಸಿಗಾಲುವೆಯ ಗೊಡವೆ ಬೇಡ ಎಂಬ ವಾದ ಇಲ್ಲಿ ಏಳುತ್ತದೆ. ಅರ್ಧ ಮಾತ್ರ ನಿಜ. ಮೇಲಿನ ಹೊಲದಲ್ಲಿ ಗದ್ದೆಯಾದರೆ ಅದರ ಬಸಿನೀರು ಕೆಳಗಿನ ಹೊಲಕ್ಕೆ ಬರುತ್ತದೆ. ಕೆಳಗಿನವನು ಹತ್ತಿ ಹಾಕಿದ್ದರೆ ಹತ್ತಿ ಕೊಳೆಯುತ್ತದೆ. ಮುಂದಿನ ವರ್ಷ ಅವನೂ ಭತ್ತ ಹಾಕುತ್ತಾನೆ, ಆಸೆಯಿಂದಲ್ಲ, ಬೇರೆ ಬೆಳೆ ನಿಲ್ಲದ್ದರಿಂದ. ಹೊಲದಿಂದ ಹೊಲಕ್ಕೆ ಭತ್ತ ಹರಡಿದ್ದರಲ್ಲಿ ಬೆಲೆಯಷ್ಟೇ ಪಾತ್ರ ಬಸಿಯುವ ದಾರಿ ಇಲ್ಲದಿರುವುದಕ್ಕೂ ಇದೆ. ಅಂಥವನಿಗೆ ಭತ್ತ ಬಿಡು ಎಂದು ಆದೇಶ ಕೊಡುವ ಮೊದಲು ಬೇರೆ ಬೆಳೆ ಬರುವಂತೆ ನೆಲ ಬಸಿಯಬೇಕು. ಬೆಳೆಯ ಶಿಸ್ತು ಬೇಕೇ ಬೇಕು, ಆದರೆ ಜೌಗಿನ ನೆಲದಲ್ಲಿ ಅದು ಬಸಿಗಾಲುವೆಯ ಹಿಂದಿನಿಂದಷ್ಟೇ ಬರಬಲ್ಲದು.

ಇದೇ ನದಿಯ ಹಳೆಯ ಕಾಲುವೆಗಳ ಜತೆ ಹೋಲಿಸಿ ನೋಡಬಹುದು. ವಿಜಯನಗರ ಕಾಲದ ರಾಯ, ಬಸವಣ್ಣ, ತುರ್ತು ಕಾಲುವೆಗಳು ಹೊಸಪೇಟೆ-ಹಂಪಿಯ ಸುತ್ತ ಶತಮಾನಗಳಿಂದ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಅವು ನದಿಯ ಮಗ್ಗುಲಲ್ಲೇ ಸಾಗುವುದರಿಂದ ಕಾಲುವೆಗೂ ನದಿಗೂ ನಡುವಿನ ಕಿರಿದಾದ ಇಳಿಜಾರು ಪಟ್ಟಿಯೇ ಅವುಗಳ ಅಚ್ಚುಕಟ್ಟು. ಹೆಚ್ಚಾದದ್ದು ಮತ್ತೆ ನದಿಗೇ ಇಳಿಯುತ್ತದೆ. ಹಳೆ ಮೈಸೂರಿನ ಕೆರೆಗಳ ಸರಪಳಿಯಲ್ಲೂ ಹೀಗೆಯೇ. ಮೇಲಿನ ಕೆರೆಯ ಕೋಡಿಯ ನೀರು ಮತ್ತು ಅದರ ಗದ್ದೆಬಯಲಿನ ಬಸಿನೀರು ಹಳ್ಳ ಸೇರಿ ಕೆಳಗಿನ ಕೆರೆ ತುಂಬಿಸುವುದರಿಂದ ಬಸಿಯುವುದು ಬೇರೆ ಕಾಮಗಾರಿಯಾಗಿರಲಿಲ್ಲ, ಮುಂದಿನ ಊರಿನ ಆದಾಯವಾಗಿತ್ತು. ಹಳಬರು ಹೆಚ್ಚು ಜಾಣರೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಅವರ ತಂತ್ರಕ್ಕೆ ನದಿಯಿಂದ ದೂರ ಹೋಗುವ ಶಕ್ತಿ ಇರಲಿಲ್ಲ, ಆ ಮಿತಿಯೇ ಅವರನ್ನು ಕಾಯಿತು. ನೂರಾರು ಕಿಲೋಮೀಟರ್ ದೂರದ ಎರೆಬಯಲಿಗೆ ನೀರು ಒಯ್ದಾಗ ನದಿ ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಬೇಕಾಯಿತು.

ಆ ಕೆಲಸ ಎರಡು ಬಗೆಯದು. ಮೇಲ್ಮೈ ಬಸಿಗಾಲುವೆ ಮಳೆಯ ಮತ್ತು ಹಾಯಿಸಿದ ನೀರಿನ ಹೆಚ್ಚುವರಿಯನ್ನು ಹೊಲದ ತಗ್ಗಿನ ಅಂಚಿನಿಂದ ಹಳ್ಳಕ್ಕೆ ಮುಟ್ಟಿಸುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಸಾಲುಗಳ ನಡುವೆ ತೆಗೆಯುವ ಆಳವಾದ ಬಸಿಗಾಲುವೆ ಇದರ ಚೆನ್ನಾದ ಮಾದರಿ. ಒಳ ಬಸಿಗಾಲುವೆಯಲ್ಲಿ ತೂತು ಕೊರೆದ ಪಿವಿಸಿ ಕೊಳವೆಗಳಿಗೆ ಬಟ್ಟೆಯ ಸೋಸುಕ ಸುತ್ತಿ ಸುಮಾರು ಒಂದರಿಂದ ಒಂದೂವರೆ ಮೀಟರ್ ಆಳದಲ್ಲಿ ಹೂಳುತ್ತಾರೆ; ಅಂತರ್ಜಲ ಕೊಳವೆಗಿಂತ ಮೇಲೇರಿದರೆ ನೀರು ಒಳನುಗ್ಗಿ ಹರಿದುಹೋಗುತ್ತದೆ. ಕೊಳವೆಗಳ ನಡುವಿನ ಅಂತರವನ್ನು ಡಚ್ ವಿಜ್ಞಾನಿ ಹೂಘೌಟ್ 1940ರಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕ ಹಾಕುತ್ತಾರೆ: ಮಣ್ಣಿನಲ್ಲಿ ನೀರು ಸರಾಗವಾಗಿ ಹರಿದಷ್ಟೂ ಅಂತರ ಹೆಚ್ಚಿಡಬಹುದು. ಎರೆಮಣ್ಣಿನಲ್ಲಿ ಹರಿವು ಮಂದ, ಆದ್ದರಿಂದ ಕೊಳವೆ ಒತ್ತೊತ್ತಾಗಿ ಬೇಕು, ಖರ್ಚು ಏರುತ್ತದೆ. ಬಸಿಗಾಲುವೆ ಹೆಚ್ಚು ಬೇಕಾದ ಮಣ್ಣಿನಲ್ಲೇ ಅದು ಹೆಚ್ಚು ದುಬಾರಿ. ಪಂಜಾಬಿನ ಮರಳುಮಿಶ್ರಿತ ಮೆಕ್ಕಲು ನೆಲದಲ್ಲಿ ಕೊಳವೆಬಾವಿಯಿಂದ ನೀರೆತ್ತಿ ಅಂತರ್ಜಲ ಇಳಿಸುವುದು ಸಾಧ್ಯವಾಯಿತು, ಪಾಕಿಸ್ತಾನ 1960ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ಅದನ್ನೇ ಮಾಡಿತು. ಜೇಡಿಯ ಕೆಳಗೆ ಗಟ್ಟಿಬಂಡೆಯಿರುವ ದಖ್ಖನಿಗೆ ಆ ಉಪಾಯ ಹೊಂದುವುದಿಲ್ಲ.

ಖರ್ಚಿನ ಆಕ್ಷೇಪಕ್ಕೆ ಉತ್ತರ ಈಜಿಪ್ಟಿನಲ್ಲಿದೆ. ಅಣೆಕಟ್ಟುಗಳಿಂದ ವರ್ಷವಿಡೀ ನೀರು ಸಿಕ್ಕ ಮೇಲೆ ನೈಲ್ ಬಯಲು ಜೌಗಾಗತೊಡಗಿದಾಗ ಅಲ್ಲಿನ ಸರ್ಕಾರ ತಾನೇ ಮುಂದಾಗಿ 20 ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ಒಳಕೊಳವೆ ಹಾಕಿಸಿ, ರೈತರಿಂದ ದೀರ್ಘಾವಧಿಯ ಕಂತುಗಳಲ್ಲಿ ಹಣ ವಸೂಲಿಗೆ ಏರ್ಪಾಡು ಮಾಡಿತು. ಒಬ್ಬೊಬ್ಬ ರೈತ ತನ್ನ ಖರ್ಚಿನಲ್ಲಿ ಮಾಡಲಾಗದ ಕೆಲಸ ಇದು, ಹಣದ ಕಾರಣಕ್ಕಷ್ಟೇ ಅಲ್ಲ: ಅವನ ಹೊಲದ ನೀರು ಪಕ್ಕದವನ ಹೊಲ ದಾಟಿಯೇ ಹಳ್ಳ ಸೇರಬೇಕು. ಅಣೆಕಟ್ಟನ್ನು ಯಾರೂ ರೈತನ ಖಾಸಗಿ ಖರ್ಚೆಂದು ಹೇಳುವುದಿಲ್ಲ. ಅದರ ನೀರು ಹೊರಹೋಗುವ ದಾರಿಯನ್ನು ಹಾಗೆ ಹೇಳಲು ಯಾವ ತರ್ಕವೂ ಇಲ್ಲ.

ನೀರೇ ಸಾಲದ ನಾಡಿನಲ್ಲಿ ನೀರನ್ನು ಹೊರಗೆ ಬಿಡುವುದು ದುಂದಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬಸಿಯುವುದು ಬೆಳೆಗೆ ದಕ್ಕುವ ನೀರಲ್ಲ, ಬೆಳೆಯ ಉಸಿರು ಕಟ್ಟುವ ನೀರು ಎಂಬುದು ಒಂದು ಉತ್ತರ. ಇನ್ನೊಂದು, ಉಪ್ಪನ್ನು ತೊಳೆಯಲು ಸ್ವಲ್ಪ ನೀರು ಹೋಗಲೇಬೇಕು. ಅದೆಷ್ಟೆಂದು ಲೆಕ್ಕ ಹಾಕಬಹುದು: 4ರವರೆಗೆ ತಾಳುವ ಬೆಳೆಗೆ 1 ಡೆಸಿಸೀಮನ್ಸ್ ನೀರು ಹಾಯಿಸಿದರೆ ನೂರಕ್ಕೆ ಐದರಷ್ಟು ಹೆಚ್ಚು ಕೊಟ್ಟರೆ ಸಾಕು, ಮೆಕ್ಕೆಜೋಳಕ್ಕೆ 2 ಡೆಸಿಸೀಮನ್ಸ್‌ನ ಸಪ್ಪೆಯಲ್ಲದ ಬಾವಿನೀರು ಹಾಯಿಸಿದರೆ ಅದು ನೂರಕ್ಕೆ ಮೂವತ್ತಕ್ಕೇರುತ್ತದೆ. ನಿಯಂತ್ರಿತ ಬಸಿಗಾಲುವೆಯಲ್ಲಿ ಕೊಳವೆಯ ಬಾಯಿಗೆ ಮುಚ್ಚಳ ಅಳವಡಿಸಿ, ಒಣಗಾಲದಲ್ಲಿ ಮುಚ್ಚಿ ತೇವ ಉಳಿಸಿಕೊಂಡು, ಮಳೆಗಾಲದಲ್ಲಿ ತೆರೆದು ಉಪ್ಪು ತೊಳೆದುಕೊಳ್ಳಬಹುದು. ಹೊರಬಿದ್ದದ್ದೂ ಪೂರ್ತಿ ನಷ್ಟವಲ್ಲ. ಹಳ್ಳಕ್ಕೆ ಪಂಪು ಇಟ್ಟು ಬಸಿನೀರಿನಲ್ಲೇ ಬೆಳೆ ತೆಗೆಯುವ ರೈತರು ಪ್ರತಿ ಅಚ್ಚುಕಟ್ಟಿನ ತಗ್ಗಿನಲ್ಲೂ ಇದ್ದಾರೆ.

ಹನಿ ನೀರಾವರಿ ಬಂದ ಮೇಲೆ ಇದೆಲ್ಲ ಹಳೆಯ ಮಾತು ಎನ್ನುವವರಿಗೆ ಹುನಗುಂದ ಸೀಮೆಯ ರಾಮಥಾಳ ಯೋಜನೆ ಉದಾಹರಣೆ. 24,000 ಹೆಕ್ಟೇರಿಗೆ ಒಟ್ಟಾಗಿ ಹನಿ ನೀರಾವರಿ ಒದಗಿಸಲು ಹೊರಟ ಅದು ದೇಶದಲ್ಲೇ ದೊಡ್ಡ ಪ್ರಯತ್ನಗಳಲ್ಲೊಂದು. ಹನಿಯಿಂದ ಕೆಳಗಿಳಿಯುವ ನೀರು ಬಹಳ ಕಡಿಮೆಯಾಗುತ್ತದೆ, ನಿಜ. ಅಂತರ್ಜಲ ಏರುವುದನ್ನು ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಕಡಿಮೆ. ಆದರೆ ಉಪ್ಪು ನೆನೆದ ವಲಯದ ಅಂಚಿಗೆ ಸರಿದು ಅಲ್ಲೇ ಕೂರುತ್ತದೆ. ತೊಳೆಯಲು ಮಳೆಯನ್ನೇ ಕಾಯಬೇಕು, ತೊಳೆದದ್ದಕ್ಕೆ ಮತ್ತೆ ದಾರಿ ಬೇಕು. ಈಗಾಗಲೇ ಜೌಗಾದ ಹೊಲಕ್ಕೆ ಹನಿಕೊಳವೆ ಹಾಕಿದರೆ ಮೇಲಿನ ಹೊಲದಿಂದ ಬರುವ ನೀರು ನಿಲ್ಲುವುದೂ ಇಲ್ಲ. ಕಾಲುವೆಗೆ ಕಾಂಕ್ರೀಟ್ ಹಾಸುವುದರ ಮಾತೂ ಇಷ್ಟೇ: ಕಾಲುವೆಯ ಸೋರಿಕೆ ತಗ್ಗುತ್ತದೆ, ಹೊಲದ ಸೋರಿಕೆ ಉಳಿಯುತ್ತದೆ.

ಕರಲು ಮಣ್ಣಿನ ವಿಷಯ ಇನ್ನೂ ಬಿಗಿಯಾದದ್ದು. ಅಲ್ಲಿ ಜೇಡಿಕಣಗಳಿಗೆ ಅಂಟಿದ ಸೋಡಿಯಂ ನೂರಕ್ಕೆ ಹದಿನೈದನ್ನು ದಾಟಿರುತ್ತದೆ, ರಸಸಾರ 8.5ಕ್ಕಿಂತ ಮೇಲಿರುತ್ತದೆ, ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಜಿಪ್ಸಂ ಹಾಕಿದರೆ ಅದರ ಸುಣ್ಣಾಂಶ ಸೋಡಿಯಂನ ಜಾಗ ಹಿಡಿಯುತ್ತದೆ. ಡಯಂಚ ಬೆಳೆದು ಉತ್ತರೆ ನೆರವಾಗುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಹೊರಹೋಗದಿದ್ದರೆ ಮಾತ್ರ ಮತ್ತೆ ಅದೇ ಕಣಕ್ಕೆ ಮರಳುತ್ತದೆ. ಬಸಿಯುವ ದಾರಿ ಮಾಡದೆ ರಿಯಾಯಿತಿ ದರದ ಜಿಪ್ಸಂ ಚೀಲ ಹಂಚುವ ಕಾರ್ಯಕ್ರಮಗಳು ಫಲ ಕೊಡದಿರಲು ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಮತ್ತು ಕರ್ನಾಲಿನಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆ ಸವಳು-ಕರಲು ಭೂಮಿಯ ಸುಧಾರಣೆಯ ಮೇಲೆ ದಶಕಗಳಿಂದ ಕೆಲಸ ಮಾಡಿವೆ. ತಂತ್ರಜ್ಞಾನದ ಕೊರತೆ ಇಲ್ಲಿ ಅಡ್ಡಿಯಲ್ಲ.

ಅಡ್ಡಿ ಇರುವುದು ಹಳ್ಳದಲ್ಲಿ. ಎಷ್ಟೇ ಒಳ್ಳೆಯ ಕೊಳವೆ ಹೂತರೂ ಅದರ ಬಾಯಿ ತೆರೆಯುವ ಹಳ್ಳದಲ್ಲಿ ಹೂಳು ತುಂಬಿ ಜೊಂಡು ಬೆಳೆದು ನೀರಿನ ಮಟ್ಟ ಕೊಳವೆಗಿಂತ ಮೇಲಿದ್ದರೆ ಹೊಲ ಬಸಿಯುವುದಿಲ್ಲ. ಅಚ್ಚುಕಟ್ಟುಗಳ ನೈಸರ್ಗಿಕ ಹಳ್ಳಗಳು ಹಲವು ಕಡೆ ಒತ್ತುವರಿಯಾಗಿ ಕಿರಿದಾಗಿವೆ, ಕೆಲವೆಡೆ ಗದ್ದೆಯೇ ಆಗಿವೆ. ಕಾಲುವೆಯ ಹೂಳು ತೆಗೆಸಲು ರೈತರು ಕೂಗುತ್ತಾರೆ, ಏಕೆಂದರೆ ನೀರು ಬರಬೇಕಲ್ಲ. ಹಳ್ಳದ ಹೂಳಿಗೆ ಕೂಗುವವರು ತೀರ ತಗ್ಗಿನ ಕೆಲವು ಹೊಲದವರು ಮಾತ್ರ. ಹರಿದು ಹೋದ ಉಪ್ಪುನೀರು ಕೆಳಗಿನ ನದಿಗೆ, ಅಲ್ಲಿಂದ ಗಡಿಯಾಚೆಯ ರೈತರಿಗೆ ಮುಟ್ಟುತ್ತದೆ ಎಂಬ ತಕರಾರೂ ನ್ಯಾಯವಾದದ್ದೇ. ಮಳೆಗಾಲದ ತುಂಬು ಹರಿವಿನಲ್ಲಿ ಬಿಟ್ಟರೆ ಅದು ತೆಳುವಾಗುತ್ತದೆ, ಬೇಸಿಗೆಯ ಬತ್ತಿದ ನದಿಗೆ ಬಿಟ್ಟರೆ ಕೆಳಗಿನ ಕುಡಿಯುವ ನೀರನ್ನೇ ಕೆಡಿಸಬಹುದು. ಆದ್ದರಿಂದ ಬಸಿಗಾಲುವೆಯ ಬಾಯಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತೀರ್ಮಾನ ಕಾಲುವೆಯ ತೂಬು ತೆರೆಯುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲೇ ಆಗಬೇಕು. ಹಳ್ಳದ ಹೂಳೆತ್ತುವ ಹಣವನ್ನೂ ಕಾಲುವೆಯ ನಿರ್ವಹಣೆಯ ಲೆಕ್ಕದಲ್ಲೇ ಬರೆಯಬೇಕು, ಮತ್ತು ಪ್ರತಿ ನೀರು ಬಳಕೆದಾರರ ಸಹಕಾರ ಸಂಘದ ವ್ಯಾಪ್ತಿಯಲ್ಲಿ ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿನಲ್ಲೊಮ್ಮೆ ನಾಲ್ಕಾರು ವೀಕ್ಷಣಾ ಬಾವಿಗಳ ಮಟ್ಟ ಅಳೆದು ಸಂಘದ ಕಚೇರಿಯ ಗೋಡೆಗೆ ಹಚ್ಚಬೇಕು.